ನೆಲವನ್ನಿತ್ತು ಶಾಂತಿಯನ್ನು ಪಡೆಯಬಹುದೇ?

ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕಾದಾಡುವಾಗ ಕಟ್ಟೆಯ ಮೇಲೆ ಕುಳಿತವರು ತೀರ್ಪು ಹೇಳುವುದು ಬಹು ಸುಲಭ. "ನಾಲ್ಕು ಮೊಳ ನೆಲವನ್ನು ಬಿಟ್ಟುಕೊಟ್ಟರೆ ಏನು ಹೋಯಿತು?" ಎಂದು ಒಬ್ಬನೆನ್ನುವನು. "ಪ್ರಾಣ ಹೋದರೂ ಒಂದು ಗೇಣನ್ನು ಬಿಡಬೇಡ" ಎಂದು ಮತ್ತೊಬ್ಬನೆನ್ನುವನು. ಮೊದಲನೆಯವನ ಮಾತು ಔದಾರ್ಯದಂತೆ ತೋರುವುದು. ಎರಡನೆಯವನ ಮಾತು ಶೌರ್ಯದಂತೆ ತೋರುವುದು. ಆದರೆ ಮೊದಲನೆಯವನು ಬಿಟ್ಟುಕೊಡೆಂದ ನೆಲ ಅವನದಲ್ಲ. ಎರಡನೆಯವನು ಪಣಕ್ಕಿಡೆಂದ ಪ್ರಾಣವೂ ಅವನದಲ್ಲ. ಪರರ ಸೊತ್ತಿನಿಂದ ದಾನಶೂರನಾಗುವುದೂ ಪರರ ಮಕ್ಕಳ ರಕ್ತದಿಂದ ರಣಶೂರನಾಗುವುದೂ ಒಂದೇ ದೋಷದ ಎರಡು ಮುಖಗಳು.

ಬದುವಿನ ಜಗಳದಲ್ಲಿ ಕಾಣುವ ಈ ದೋಷವೇ ರಾಷ್ಟ್ರಗಳ ಜಗಳದಲ್ಲಿ ಸಾವಿರ ಮಡಿಯಾಗಿ ಕಾಣುತ್ತದೆ. ೨೦೨೨ರ ಫೆಬ್ರವರಿ ೨೪ರಂದು ರಷ್ಯದ ಸೈನ್ಯವು ಉಕ್ರೇನಿನೊಳಕ್ಕೆ ಹಲವು ಕಡೆಗಳಿಂದ ನುಗ್ಗಿದ ಬಳಿಕ ಲೋಕದಲ್ಲಿ ಒಂದು ಹಳೆಯ ಪ್ರಶ್ನೆ ಹೊಸದಾಗಿ ಕೇಳಿಬಂದಿತು. ಯುದ್ಧದಲ್ಲಿ ಸಿಲುಕಿದ ನಾಡು ತನ್ನ ನೆಲದ ಒಂದು ಪಾಲನ್ನಿತ್ತು ಶಾಂತಿಯನ್ನು ಪಡೆಯಬಹುದೇ? ಪಡೆದರೆ ಅದು ಧರ್ಮವೋ, ಹೇಡಿತನವೋ? ವೃತ್ತಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಯಲ್ಲಿಯೂ ಈ ಪ್ರಶ್ನೆಗೆ ಉತ್ತರ ಹೇಳುವವರಿದ್ದಾರೆ. ಆದರೆ ಉರಿಯುತ್ತಿರುವ ಬೆಂಕಿಯ ಮುಂದೆ ನಿಂತು ವಿಚಾರ ಮಾಡುವುದು ಕಠಿಣ. ಹೊಗೆ ಕಣ್ಣನ್ನು ಕಟ್ಟುತ್ತದೆ. ಆದುದರಿಂದ ಬೆಂಕಿ ಆರಿ, ಬೂದಿ ತಣ್ಣಗಾಗಿ, ಫಲವೇನೆಂಬುದು ತಿಳಿದಿರುವ ಒಂದು ನಾಡಿನ ಕಥೆಯನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಯುಕ್ತ. ಆ ನಾಡು ಫಿನ್ಲೆಂಡ್.

ಯುರೋಪಿನ ಉತ್ತರದ ಅಂಚಿನಲ್ಲಿ ಕಾಡು ಸರೋವರಗಳಿಂದ ತುಂಬಿದ ಈ ನಾಡು ೧೯೧೭ರ ಡಿಸೆಂಬರ್ ೬ರಂದು ರಷ್ಯದ ಆಳ್ವಿಕೆಯಿಂದ ಬಿಡುಗಡೆಯನ್ನು ಘೋಷಿಸಿಕೊಂಡಿತು. ೧೯೩೯ರಲ್ಲಿ ಅದರ ಜನಸಂಖ್ಯೆ ಸುಮಾರು ೩೭ ಲಕ್ಷ. ಆ ವರ್ಷದ ಅಕ್ಟೋಬರಿನಲ್ಲಿ ಸೋವಿಯೆತ್ ರಷ್ಯ ಫಿನ್ಲೆಂಡಿನ ಪ್ರತಿನಿಧಿಗಳನ್ನು ಮಾಸ್ಕೋಗೆ ಕರೆಯಿಸಿತು. ಲೆನಿನ್‌ಗ್ರಾಡ್ ಮಹಾನಗರದಿಂದ ಫಿನ್ಲೆಂಡಿನ ಗಡಿ ಕೇವಲ ೩೨ ಕಿಲೋಮೀಟರ್ ದೂರದಲ್ಲಿದೆ. ನಗರದ ರಕ್ಷಣೆಗಾಗಿ ಕರೇಲಿಯದ ಭೂಕಂಠದಲ್ಲಿ ಗಡಿ ಹಿಂದೆ ಸರಿಯಬೇಕು. ಕೊಲ್ಲಿಯ ಕೆಲವು ದ್ವೀಪಗಳು ತನಗೆ ಬೇಕು. ಹಾಂಕೊ ಎಂಬ ಬಂದರನ್ನು ೩೦ ವರ್ಷಗಳ ಗುತ್ತಿಗೆಗೆ ಕೊಡಬೇಕು ಎಂಬುದು ಸ್ಟಾಲಿನನ ಬೇಡಿಕೆ. ಇದಕ್ಕೆ ಪ್ರತಿಯಾಗಿ ಉತ್ತರದ ಕಡೆ, ಕೇಳಿದ ನೆಲದ ಸುಮಾರು ಎರಡರಷ್ಟು ಕಾಡುನೆಲವನ್ನು ಕೊಡುವುದಾಗಿ ಹೇಳಲಾಯಿತು.

ಆಗ ಫಿನ್ಲೆಂಡಿನ ಹಿರಿಯರಲ್ಲಿ ಎರಡು ಮತಗಳುಂಟಾದವು. ಸಂಧಾನಕ್ಕೆ ಹೋಗಿದ್ದ ಪಾಸಿಕಿವಿಯೂ ಸೇನೆಯ ಹಿರಿಯನಾದ ಮ್ಯಾನರ್‌ಹೈಮನೂ ಸ್ವಲ್ಪ ಬಿಟ್ಟುಕೊಟ್ಟು ಯುದ್ಧವನ್ನು ತಪ್ಪಿಸುವುದು ಲೇಸೆಂದರು. ಯುದ್ಧದ ಭಾರವೆಷ್ಟೆಂಬುದನ್ನು ಬಲ್ಲ ಸೇನಾನಿಯೇ ಸಂಧಾನದ ಕಡೆ ಬಾಗಿದನೆಂಬುದು ಗಮನಿಸತಕ್ಕ ಮಾತು. ಸರ್ಕಾರದ ಹೆಚ್ಚಿನವರು ಇದಕ್ಕೆ ಒಪ್ಪಲಿಲ್ಲ. ಅವರ ಮಾತಿನಲ್ಲಿಯೂ ಹುರುಳಿತ್ತು. ಕೋಟೆಯ ಗೋಡೆಯಂತಿದ್ದ ಭೂಕಂಠವನ್ನು ಬಿಟ್ಟ ಮೇಲೆ ನಾಳೆ ಇನ್ನಷ್ಟು ಕೇಳಿದರೆ ತಡೆಯುವುದು ಹೇಗೆ? ಅದೇ ಶರತ್ಕಾಲದಲ್ಲಿ ನೆರೆಯ ಎಸ್ಟೋನಿಯ, ಲಾತ್ವಿಯ, ಲಿಥುವೇನಿಯಗಳು ಸೋವಿಯೆತ್ ಸೈನ್ಯಕ್ಕೆ ತಮ್ಮ ನೆಲದಲ್ಲಿ ನೆಲೆಗಳನ್ನು ಕೊಡಲು ಒಪ್ಪಿದ್ದವು. ೧೯೪೦ರ ಜೂನಿನಲ್ಲಿ ಆ ಮೂರು ನಾಡುಗಳೂ ಪೂರ್ತಿಯಾಗಿ ಆಕ್ರಮಿತವಾದವು. ಅವು ಮತ್ತೆ ಸ್ವತಂತ್ರವಾದದ್ದು ೧೯೯೧ರಲ್ಲಿ. ಕೊಟ್ಟವನು ಕೊಟ್ಟಷ್ಟರಿಂದಲೇ ಉಳಿಯುತ್ತಾನೆಂಬ ನಿಯಮವಿಲ್ಲ. ಕೊಡದವನು ಉಳಿಯುತ್ತಾನೆಂಬ ನಿಯಮವೂ ಇಲ್ಲ. ಆದುದರಿಂದ ಈ ಎರಡು ಮತಗಳಲ್ಲಿ ಒಂದನ್ನು ಧೈರ್ಯವೆಂದೂ ಮತ್ತೊಂದನ್ನು ಭಯವೆಂದೂ ಕರೆದು ಕೈತೊಳೆದುಕೊಳ್ಳುವುದು ಸಾಧ್ಯವಿಲ್ಲ. ಇಬ್ಬರೂ ನಾಡನ್ನು ಪ್ರೀತಿಸಿದವರೇ. ಇಬ್ಬರ ಮುಂದೆಯೂ ಕತ್ತಲೆಯೇ ಇದ್ದಿತು.

ಸಂಧಾನ ಮುರಿಯಿತು. ೧೯೩೯ರ ನವೆಂಬರ್ ೩೦ರಂದು ಸೋವಿಯೆತ್ ಸೈನ್ಯ ಗಡಿಯನ್ನು ದಾಟಿತು. ಹೆಲ್ಸಿಂಕಿ ನಗರದ ಮೇಲೆ ಬಾಂಬುಗಳು ಬಿದ್ದವು. ಮರುದಿನವೇ ಗಡಿಯ ಬಳಿಯ ತೆರಿಯೋಕಿ ಎಂಬ ಊರಿನಲ್ಲಿ ಫಿನ್ಲೆಂಡಿಗೆ ಒಂದು ಹೊಸ ಸರ್ಕಾರವನ್ನೇ ರಷ್ಯ ಹುಟ್ಟಿಸಿ ನಿಲ್ಲಿಸಿತು. ಆಗ ಜನರಿಗೆ ಒಂದು ವಿಷಯ ಸ್ಪಷ್ಟವಾಯಿತು. ಕೇಳುತ್ತಿರುವುದು ಗಡಿಯ ನೆಲವನ್ನು ಮಾತ್ರವಲ್ಲ, ಮನೆಯ ಯಜಮಾನಿಕೆಯನ್ನೇ. ಅಲ್ಲಿಯವರೆಗೆ ಪರಸ್ಪರ ವೈರದಿಂದಿದ್ದ ಬಡವರೂ ಧನಿಕರೂ ಒಂದಾಗಿ ನಿಂತರು. ಹಿಮದಲ್ಲಿ ೧೦೫ ದಿನಗಳ ಕಾಲ ಆ ಚಿಕ್ಕ ನಾಡು ಹೋರಾಡಿತು. ೨೫,೦೦೦ಕ್ಕೂ ಮೀರಿ ಫಿನ್ನರು ಮಡಿದರು. ಎದುರು ಪಕ್ಷದಲ್ಲಿ ಮಡಿದವರು ಒಂದು ಲಕ್ಷಕ್ಕಿಂತ ಹೆಚ್ಚು. ಅವರೂ ಯಾವುದೋ ಹಳ್ಳಿಯ ತಾಯಂದಿರ ಮಕ್ಕಳೇ. ದಯೆಯನ್ನು ಧರ್ಮವೆಂದು ನಂಬಿದವರು ಈ ಎರಡನೆಯ ಸಂಖ್ಯೆಯನ್ನೂ ಮರೆಯಲಾಗದು.

೧೯೪೦ರ ಫೆಬ್ರವರಿ ಮುಗಿಯುವಾಗ ಸೈನ್ಯ ದಣಿದಿತ್ತು, ಮದ್ದುಗುಂಡುಗಳು ತೀರುತ್ತಿದ್ದವು, ಭೂಕಂಠದ ರಕ್ಷಣಾರೇಖೆ ಮುರಿದಿತ್ತು. ಬ್ರಿಟನ್ನೂ ಫ್ರಾನ್ಸೂ ಸೈನ್ಯ ಕಳುಹಿಸುವ ಮಾತನ್ನಾಡಿದವು. ಆದರೆ ನಾರ್ವೆ ಸ್ವೀಡನ್ನುಗಳು ದಾರಿ ಬಿಡಲು ಒಪ್ಪಲಿಲ್ಲ. ಬರುವ ಸೈನ್ಯ ಎಷ್ಟು, ಎಂದು, ಯಾವ ಮಾರ್ಗವಾಗಿ ಎಂಬುದು ನಿಶ್ಚಯವಾಗಲಿಲ್ಲ. ಹೀಗಿರಲು ಮಾಸ್ಕೋ ಕೇಳಿದುದು ಶರತ್ಕಾಲದಲ್ಲಿ ಕೇಳಿದ್ದಕ್ಕಿಂತ ಬಹಳ ಹೆಚ್ಚು. ಇಡೀ ಭೂಕಂಠ, ವಿಪುರಿ ಪಟ್ಟಣ, ಲಡೋಗ ಸರೋವರದ ತೀರ, ಉತ್ತರದಲ್ಲಿ ಸಲ್ಲಾ ಪ್ರದೇಶ, ಗುತ್ತಿಗೆಗೆ ಹಾಂಕೊ, ಇವೆಲ್ಲ ಸೇರಿ ನಾಡಿನ ಸುಮಾರು ಹತ್ತನೆಯ ಒಂದು ಪಾಲು. ಪ್ರತಿಯಾಗಿ ಕೊಡುವ ನೆಲದ ಮಾತೇ ಈಗ ಇರಲಿಲ್ಲ. ಆದರೆ ತೆರಿಯೋಕಿಯ ಕೃತಕ ಸರ್ಕಾರದ ಮಾತೂ ಇರಲಿಲ್ಲ. ಹೆಲ್ಸಿಂಕಿಯ ಸರ್ಕಾರದೊಡನೆಯೇ ಸಂಧಾನ ನಡೆಯತಕ್ಕದ್ದೆಂಬುದನ್ನು ರಷ್ಯ ಒಪ್ಪಿಕೊಂಡಿತ್ತು. ನೂರೈದು ದಿನಗಳ ಹೋರಾಟ ಗಳಿಸಿದ್ದು ಇದನ್ನು. ಅದು ನೆಲವನ್ನು ಉಳಿಸಲಿಲ್ಲ, ಮನೆಯನ್ನು ಉಳಿಸಿತು.

ಮಂತ್ರಿಮಂಡಲದಲ್ಲಿ ಕಡೆಯ ವಾದ ನಡೆಯಿತು. ರಕ್ಷಣಾಮಂತ್ರಿ ನ್ಯೂಕ್ಕನೆನ್, ಶಿಕ್ಷಣಮಂತ್ರಿ ಹನ್ನುಲ ಇವರು ಕೊನೆಯವರೆಗೂ ವಿರೋಧಿಸಿ ಪದವಿಯನ್ನು ಬಿಟ್ಟರು. ಉಳಿದವರು ಒಪ್ಪಿದರು. ಸಂಧಾನಕಾರರಿಗೆ ಅಧಿಕಾರ ಕೊಡುವ ಪತ್ರಕ್ಕೆ ರಾಷ್ಟ್ರಾಧ್ಯಕ್ಷ ಕ್ಯೊಸ್ಟಿ ಕಲ್ಲಿಯೊ ಸಹಿ ಹಾಕಬೇಕಾಯಿತು.

ಈ ಕಲ್ಲಿಯೊ ಯಾರು? ರೈತ. ನಿವಾಲ ಎಂಬ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಗೃಹಸ್ಥ, ದೈವಭಕ್ತ. ೧೯೨೨ರಲ್ಲಿ ನೆಲವಿಲ್ಲದವರಿಗೆ ಉಳುವ ನೆಲ ಸಿಕ್ಕುವಂತೆ ಮಾಡಿದ ಕಾಯಿದೆ ಈತನ ಹೆಸರಿನಿಂದಲೇ ಪ್ರಸಿದ್ಧವಾಯಿತು. ನೆಲವಿಲ್ಲದವನಿಗೆ ನೆಲ ಕೊಡಿಸಿದ ಕೈಯೇ ಈಗ ನಾಡಿನ ನೆಲವನ್ನು ಪರರಿಗೆ ಬರೆದುಕೊಡಬೇಕಾಯಿತು. ಇಂಥ ಕಾಗದಕ್ಕೆ ಸಹಿ ಮಾಡಬೇಕಾದ ಕೈ ಬತ್ತಿಹೋಗಲಿ ಎಂದು ಆತ ನೊಂದು ನುಡಿದುದು ಇತಿಹಾಸದಲ್ಲಿ ದಾಖಲಾಗಿದೆ. ಆದರೂ ಸಹಿ ಮಾಡಿದ. ಅದೇ ವರ್ಷದ ಆಗಸ್ಟಿನಲ್ಲಿ ಆತನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಪದವಿಯನ್ನು ತ್ಯಜಿಸಿ ಡಿಸೆಂಬರ್ ೧೯ರಂದು ತನ್ನ ಊರಿಗೆ ಹೊರಟು, ಹೆಲ್ಸಿಂಕಿಯ ರೈಲ್ವೆ ನಿಲ್ದಾಣದಲ್ಲಿ ಬೀಳ್ಕೊಡುಗೆಯ ಗೌರವವನ್ನು ಸ್ವೀಕರಿಸುತ್ತಿರುವಾಗಲೇ ಕುಸಿದು ಪ್ರಾಣಬಿಟ್ಟ.

ಈ ಘಟನೆಯನ್ನು ಪವಾಡವೆಂದಾಗಲಿ ಶಾಪವೆಂದಾಗಲಿ ತಿಳಿಯಬೇಕಾದುದಿಲ್ಲ. ಮನನ ಮಾಡಬೇಕಾದುದು ಬೇರೆ. ಕಲ್ಲಿಯೊ ನೆಲವನ್ನು ಬಿಟ್ಟುಕೊಟ್ಟ. ಆದರೆ ಬಿಟ್ಟುಕೊಟ್ಟುದನ್ನು ನ್ಯಾಯವೆಂದು ಕರೆಯಲಿಲ್ಲ. ಅನಿವಾರ್ಯವಾದುದನ್ನು ಮಾಡುವುದು ಬೇರೆ. ಅನಿವಾರ್ಯವಾದುದನ್ನು ಒಳಿತೆಂದು ಸಾರುವುದು ಬೇರೆ. ಲೋಕದಲ್ಲಿ ಬಹುಮಂದಿ ಸೋತಾಗ, ಕಿತ್ತುಕೊಂಡವನನ್ನೇ ನ್ಯಾಯವಂತನೆಂದು ಹೊಗಳಿ ತಮ್ಮ ಅವಮಾನವನ್ನು ಮುಚ್ಚಿಕೊಳ್ಳುತ್ತಾರೆ. ಮತ್ತೆ ಕೆಲವರು ಅನ್ಯಾಯವನ್ನು ಅನ್ಯಾಯವೆಂದು ಹೇಳುವ ಬಾಯಿಯಿದೆಯೆಂಬ ಒಂದೇ ಕಾರಣದಿಂದ, ಸಾಗದ ಯುದ್ಧಕ್ಕೆ ಇನ್ನೊಂದು ತಲೆಮಾರನ್ನು ತಳ್ಳುತ್ತಾರೆ. ಬಾಯಿಯಲ್ಲಿ ಸತ್ಯವನ್ನುಳಿಸಿಕೊಂಡು, ಕೈಯಿಂದ ದಯೆಯ ಕಾರ್ಯವನ್ನು ಮಾಡಿ, ಆ ಎರಡರ ನಡುವಿನ ನೋವನ್ನು ತನ್ನ ದೇಹದಲ್ಲಿಯೇ ಹೊತ್ತವನು ವಿರಳ. ನುಡಿ ಸತ್ಯವನ್ನು ಬಿಡಬಾರದು, ನಡೆ ಕರುಣೆಯನ್ನು ಬಿಡಬಾರದು ಎಂದು ಶರಣಮಾರ್ಗ ಕಲಿಸುವ ಪಾಠವನ್ನು ಆ ದೂರದ ರೈತ ತನ್ನ ರೀತಿಯಲ್ಲಿ ಆಚರಿಸಿದನೆನ್ನಬೇಕು.

೧೯೪೦ರ ಮಾರ್ಚ್ ೧೩ರಂದು ಬೆಳಗ್ಗೆ ೧೧ ಗಂಟೆಗೆ ಗುಂಡಿನ ಸದ್ದು ನಿಂತಿತು. ವಿದೇಶಾಂಗಮಂತ್ರಿ ತನ್ನೆರ್ ರೇಡಿಯೋದಲ್ಲಿ ಶಾಂತಿಯ ಷರತ್ತುಗಳನ್ನು ಓದಿದ. ವಿಪುರಿ ಆಗಲೂ ಫಿನ್ನರ ಕೈಯಲ್ಲಿಯೇ ಇತ್ತು. ಸೋಲದ ಪಟ್ಟಣವನ್ನು ಬಿಟ್ಟು ಬರುವ ಆಜ್ಞೆಯನ್ನು ಕೇಳಿ ಅಲ್ಲಿಯ ಯೋಧರು ಅತ್ತರು. ಹೆಲ್ಸಿಂಕಿಯಲ್ಲಿ ಧ್ವಜಗಳು ಅರ್ಧಕ್ಕೆ ಇಳಿದವು. ಶಾಂತಿಯ ದಿನ ಶೋಕದ ದಿನವಾಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ನೆಲಕೊಟ್ಟು ಶಾಂತಿಯನ್ನು ಕೊಳ್ಳುವುದು ಹುಲಿಗೆ ಒಂದು ಕುರಿಯನ್ನೆಸೆದಂತಲ್ಲವೇ? ೧೯೩೮ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಆದುದೇನು? ಜರ್ಮನಿ, ಇಟಲಿ, ಬ್ರಿಟನ್, ಫ್ರಾನ್ಸುಗಳ ನಾಯಕರು ಸೇರಿ ಚೆಕೊಸ್ಲೊವಾಕಿಯದ ಗಡಿನಾಡನ್ನು ಹಿಟ್ಲರನಿಗೆ ಕೊಡಿಸಿದರು. ಆರು ತಿಂಗಳು ಕಳೆಯುವುದರೊಳಗೆ, ೧೯೩೯ರ ಮಾರ್ಚ್ ೧೫ರಂದು, ಜರ್ಮನ್ ಸೈನ್ಯ ರಾಜಧಾನಿ ಪ್ರಾಗ್ ನಗರವನ್ನೇ ಹೊಕ್ಕಿತು. ಈ ಆಕ್ಷೇಪಣೆ ತೂಕವುಳ್ಳದ್ದು. ಆದರೆ ಮ್ಯೂನಿಕ್ಕಿಗೂ ಮಾಸ್ಕೋಗೂ ಇರುವ ಭೇದವನ್ನು ಕಾಣಬೇಕು. ಮ್ಯೂನಿಕ್ಕಿನಲ್ಲಿ ನೆಲದ ಒಡೆಯನನ್ನು ಸಭೆಯೊಳಕ್ಕೇ ಬಿಡಲಿಲ್ಲ. ಕೊಟ್ಟವರಿಗೆ ಆ ನೆಲದಲ್ಲಿ ಒಂದು ಹೊಲವಿರಲಿಲ್ಲ, ಒಂದು ಒಲೆಯಿರಲಿಲ್ಲ. ತಮ್ಮ ನೆಮ್ಮದಿಗಾಗಿ ಪರರ ಮನೆಯನ್ನು ದಾನಮಾಡಿ, ಅದಕ್ಕೆ ಶಾಂತಿಯೆಂದು ಹೆಸರಿಟ್ಟರು. ಫಿನ್ಲೆಂಡಿನಲ್ಲಾದರೋ ಕೊಟ್ಟವರು ನೆಲದ ಮಕ್ಕಳೇ. ಯಾರು ಹೋರಾಡಿದರೋ, ಯಾರು ಕಳೆದುಕೊಂಡರೋ, ಯಾರ ಮಕ್ಕಳು ಹಿಮದಲ್ಲಿ ಮಲಗಿದರೋ ಅವರ ಪ್ರತಿನಿಧಿಗಳೇ ವಾದಿಸಿದರು, ಅತ್ತರು, ನಿರ್ಣಯಿಸಿದರು. ಕೊಡುವ ಅಧಿಕಾರ ಕಳೆದುಕೊಳ್ಳುವವನಿಗೆ ಮಾತ್ರ ಉಂಟು. ಇದು ಮೊದಲನೆಯ ವಿವೇಕ.

ಆದರೆ ಕಳೆದುಕೊಳ್ಳುವವರೆಂದರೆ ಯಾರು? ನಾಡೆಲ್ಲ ಕಳೆದುಕೊಂಡಿತೆಂದು ಹೇಳುವುದು ಸುಲಭವಾದರೂ ನಿಜವಾಗಿ ಕಳೆದುಕೊಂಡವರು ಕರೇಲಿಯದವರು. ಪಶ್ಚಿಮ ತೀರದ ರೈತನ ಹೊಲ ಹೋಗಲಿಲ್ಲ. ಹೆಲ್ಸಿಂಕಿಯ ವರ್ತಕನ ಅಂಗಡಿ ಹೋಗಲಿಲ್ಲ. ಕರೇಲಿಯದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಅಂದರೆ ನಾಡಿನಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು, ಮನೆಯನ್ನು ಬಿಟ್ಟು ಹೊರಟರು. ಪರರ ಆಳ್ವಿಕೆಯಲ್ಲಿ ತಮ್ಮ ಮನೆಯಲ್ಲಿರುವುದಕ್ಕಿಂತ ತಮ್ಮವರ ನಡುವೆ ಮನೆಯಿಲ್ಲದಿರುವುದೇ ಲೇಸೆಂದು ಬಹುಮಟ್ಟಿಗೆ ಎಲ್ಲರೂ ಬಂದರು. ಹಿಮದ ಮೇಲೆ ಜಾರುಬಂಡಿಗಳು, ಅವುಗಳ ಹಿಂದೆ ದನಗಳು, ಕಂಬಳಿಯಲ್ಲಿ ಸುತ್ತಿದ ಕೂಸುಗಳು. ಹೊರಡುವ ಮುನ್ನ ಮನೆಯ ನೆಲವನ್ನು ಗುಡಿಸಿ ತೊಳೆದು ಬಾಗಿಲು ಹಾಕಿಕೊಂಡು ಬಂದ ಗೃಹಿಣಿಯರ ನೆನಪು ಆ ಜನರಲ್ಲಿ ಉಳಿದುಬಂದಿದೆ. ಮತ್ತೆ ಬರುವೆವೆಂಬ ಆಸೆಯೋ, ಮನೆಗೆ ಸಲ್ಲಿಸಿದ ಕಡೆಯ ಗೌರವವೋ, ಬಲ್ಲವರಾರು! ಒಂದು ನಾಡು ಶಾಂತಿಯನ್ನು ಕೊಂಡಾಗ ಬೆಲೆಯನ್ನು ತೆತ್ತವಳು ಆ ಗೃಹಿಣಿ.

ಅವರಲ್ಲಿ ವಿರಕ್ತರೂ ಇದ್ದರು. ಲಡೋಗ ಸರೋವರದ ದ್ವೀಪವೊಂದರಲ್ಲಿ ವಾಲಮೊ ಎಂಬ ಪ್ರಾಚೀನ ಕ್ರೈಸ್ತ ಮಠವಿತ್ತು. ೧೯೪೦ರ ಚಳಿಗಾಲದಲ್ಲಿ ಅಲ್ಲಿಯ ಸನ್ಯಾಸಿಗಳು ತಮ್ಮ ಪೂಜಾಮೂರ್ತಿಗಳನ್ನೂ ಗ್ರಂಥಗಳನ್ನೂ ಕೈಲಾದಷ್ಟು ಹೊತ್ತು, ಹೆಪ್ಪುಗಟ್ಟಿದ ನೀರನ್ನು ದಾಟಿ ಹೊರಟರು. ಹೈನಾವೆಸಿ ಎಂಬ ಪ್ರದೇಶದಲ್ಲಿ ಒಂದು ಎಸ್ಟೇಟನ್ನು ಕೊಂಡು ಹೊಸ ವಾಲಮೊ ಮಠವನ್ನು ಸ್ಥಾಪಿಸಿದರು. ಅದು ಇಂದಿಗೂ ಇದೆ. ಶರಣರ ಪರಂಪರೆಯಲ್ಲಿ ಬೆಳೆದವರಿಗೆ ಇದು ಅಪರಿಚಿತವಾದ ಚಿತ್ರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕಲಕಿದಾಗ ಶರಣರು ಊರನ್ನು ಬಿಟ್ಟು ದಿಕ್ಕುದಿಕ್ಕಿಗೆ ಹೊರಟರು. ಕಲ್ಯಾಣದ ಬೀದಿಗಳನ್ನು ಅವರು ಹೊತ್ತುಕೊಂಡು ಹೋಗಲಾಗಲಿಲ್ಲ, ವಚನಗಳನ್ನು ಹೊತ್ತರು. ಪಟ್ಟಣ ಸ್ಥಾವರ, ಅದರೊಳಗೆ ಹುಟ್ಟಿದ ಅನುಭಾವ ಜಂಗಮ. ನೆಲವೂ ಹಾಗೆಯೇ ಸ್ಥಾವರ, ಜನ ಜಂಗಮ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದ ಸಂಕಟದಲ್ಲಿ ಯಾವುದನ್ನು ಉಳಿಸಬೇಕೆಂಬುದಕ್ಕೆ ಶರಣಮಾರ್ಗದಲ್ಲಿ ಸಂದೇಹವಿಲ್ಲ.

ಆದರೆ ಈ ಮಾತನ್ನು ಅಗ್ಗವಾಗಿ ಆಡಬಾರದು. "ನೆಲವೆಂಬುದು ಮಣ್ಣು, ಹೋದರೆ ಹೋಗಲಿ" ಎಂದು ತನ್ನ ನೆಲ ಭದ್ರವಾಗಿರುವವನು ಹೇಳಿದರೆ ಅದು ವೈರಾಗ್ಯವಲ್ಲ, ನಿರ್ದಯೆ. ಅಜ್ಜನು ಬಂಡೆಗಳನ್ನು ಕಿತ್ತು ಹಸನು ಮಾಡಿದ ಹೊಲ, ತಾಯಿಯ ಸಮಾಧಿ, ಕೂಸನ್ನು ಕಳೆದುಕೊಂಡ ಬಾವಿಯ ಕಟ್ಟೆ, ಇವೆಲ್ಲ ಕೇವಲ ಮಣ್ಣಲ್ಲ. ಕಾಯಕದ ಬೆವರು ಬಿದ್ದ ನೆಲಕ್ಕೆ ಪಾವಿತ್ರ್ಯವುಂಟು. ಅದನ್ನು ಬಿಟ್ಟುಬಂದವನಿಗೆ ಉಪದೇಶ ಬೇಡ, ಪಾಲು ಬೇಕು.

ಪಾಲು ಕೊಟ್ಟುದರಿಂದಲೇ ಫಿನ್ಲೆಂಡಿನ ಕಥೆ ಹೇಳತಕ್ಕ ಕಥೆಯಾಯಿತು. ೧೯೪೦ರಲ್ಲಿಯೇ ನಿರಾಶ್ರಿತರಿಗೆ ಬೇಗ ನೆಲೆಯೊದಗಿಸುವ ಕಾಯಿದೆ ಬಂದಿತು. ಆಸ್ತಿಯುಳ್ಳವರ ಮೇಲೆ ಅವರ ಆಸ್ತಿಗೆ ತಕ್ಕಂತೆ ವಿಶೇಷ ತೆರಿಗೆಯನ್ನು ವಿಧಿಸಿ ಕಳೆದುಕೊಂಡವರಿಗೆ ಪರಿಹಾರ ಕೊಡಲಾಯಿತು. ೧೯೪೫ರ ಭೂಸ್ವಾಧೀನದ ಕಾಯಿದೆ ಇನ್ನೂ ಮುಂದೆ ಹೋಯಿತು. ಸರ್ಕಾರದ ನೆಲ, ಇಗರ್ಜಿಗಳ ನೆಲ, ಕಂಪನಿಗಳ ನೆಲ, ದೊಡ್ಡ ರೈತರ ನೆಲ, ಇವುಗಳಿಂದ ಪಾಲು ತೆಗೆದು ಮನೆಬಿಟ್ಟು ಬಂದವರಿಗೂ ಯುದ್ಧದಿಂದ ಹಿಂದಿರುಗಿದ ಯೋಧರಿಗೂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೂ ಹಂಚಲಾಯಿತು. ಹೆಚ್ಚು ನೆಲವಿದ್ದವನು ಹೆಚ್ಚಿನ ಅಂಶವನ್ನು ಕೊಡಬೇಕು. ಚಿಕ್ಕ ರೈತನಿಗೆ ವಿನಾಯಿತಿ. ಆದಷ್ಟು ಮಟ್ಟಿಗೆ ಒಂದು ಊರಿನವರನ್ನು ಒಂದೇ ಕಡೆ ನೆಲೆಗೊಳಿಸಿ, ನೆರೆಹೊರೆ ಒಡೆಯದಂತೆ ನೋಡಿಕೊಂಡರು. ಎಲ್ಲವೂ ಸುಸೂತ್ರವಾಗಿ ನಡೆಯಿತೆನ್ನಲಾಗದು. ಹೊಲ ಹೋದುದಕ್ಕೆ ಮುಖ ಗಂಟಿಕ್ಕಿದವರಿದ್ದರು. ಬಂದವರ ನುಡಿಯ ಧಾಟಿಯನ್ನೂ ಪೂಜಾವಿಧಾನವನ್ನೂ ಕಂಡು ರಷ್ಯನ್ನರೆಂದು ಹೀಯಾಳಿಸಿದವರಿದ್ದರು. ಹಾಗಾದರೂ ವರ್ಷಗಟ್ಟಲೆ ಶಿಬಿರಗಳಲ್ಲಿ ಕೊಳೆಯುವ ನಿರಾಶ್ರಿತರ ತಲೆಮಾರು ಅಲ್ಲಿ ಹುಟ್ಟಲಿಲ್ಲ. ಇದು ಒಂದು ರಾಷ್ಟ್ರ ಮಾಡಿದ ದಾಸೋಹ. ಒಬ್ಬರ ಎಲೆಯಿಂದ ಕಿತ್ತುಕೊಂಡುದನ್ನು ಎಲ್ಲರ ಎಲೆಯಿಂದ ಒಂದೊಂದು ತುತ್ತು ತೆಗೆದು ತುಂಬಿದರು. ನಾಡು ಬಿಟ್ಟುಕೊಟ್ಟ ನೆಲದ ಭಾರವನ್ನು ಗಡಿಯವರ ತಲೆಯ ಮೇಲೆ ಮಾತ್ರ ಹೊರಿಸಿದರೆ ಆ ಶಾಂತಿ ಕಳ್ಳತನಕ್ಕೆ ಸಮಾನ. ಎಲ್ಲರೂ ಹಂಚಿಕೊಂಡರೆ ಅದು ತ್ಯಾಗ. ಇದು ಎರಡನೆಯ ವಿವೇಕ.

ಕಥೆಯ ನಡುವೆ ಒಂದು ಎಡವಿದ ಹೆಜ್ಜೆಯೂ ಇದೆ. ಅದನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹ. ೧೯೪೦ರ ಶಾಂತಿ ಉಳಿದುದು ಹದಿನೈದು ತಿಂಗಳು. ಆ ಅವಧಿಯಲ್ಲಿ ರಷ್ಯದ ಒತ್ತಾಯ ನಿಲ್ಲಲಿಲ್ಲ. ಕಳೆದುಕೊಂಡುದರ ಕೊರಗೂ ಆರಲಿಲ್ಲ. ೧೯೪೧ರ ಜೂನಿನಲ್ಲಿ ಹಿಟ್ಲರನ ಜರ್ಮನಿ ರಷ್ಯದ ಮೇಲೆ ಬಿದ್ದಾಗ ಫಿನ್ಲೆಂಡೂ ಅದರೊಡನೆ ಯುದ್ಧಕ್ಕಿಳಿಯಿತು. ಹೋದ ಕರೇಲಿಯ ಕೈಗೆ ಬಂದಿತು. ಸುಮಾರು ೨ ಲಕ್ಷ ೮೦ ಸಾವಿರ ಜನ ತಮ್ಮ ಊರುಗಳಿಗೆ ಮರಳಿದರು. ಸುಟ್ಟ ಮನೆಗಳನ್ನು ಮತ್ತೆ ಕಟ್ಟಿದರು. ಸೈನ್ಯ ಅಲ್ಲಿಗೇ ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ಹಳೆಯ ಗಡಿಯನ್ನೂ ದಾಟಿ, ಎಂದೂ ತನ್ನದಾಗಿರದ ಪೂರ್ವ ಕರೇಲಿಯವನ್ನು ಆಕ್ರಮಿಸಿತು. ಅಲ್ಲಿಯ ರಷ್ಯನ್ ನಾಗರಿಕರಲ್ಲಿ ಸಾವಿರಾರು ಜನರನ್ನು, ಹೆಂಗಸರು ಮಕ್ಕಳನ್ನೂ ಸೇರಿಸಿ, ಶಿಬಿರಗಳಲ್ಲಿ ಕೂಡಿಹಾಕಿತು. ಹಸಿವು ರೋಗಗಳಿಂದ ೪,೦೦೦ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ತನ್ನ ಮನೆಯನ್ನು ಕಳೆದುಕೊಂಡು ಅತ್ತ ನಾಡೇ ಪರರ ಮನೆಯ ಬಾಗಿಲಲ್ಲಿ ನಿಂತು ಅವರನ್ನು ಅಳಿಸಿತು. ಅನ್ಯಾಯವನ್ನು ಅನುಭವಿಸಿದವನು ಅನ್ಯಾಯವನ್ನು ಮಾಡಲಾರನೆಂಬ ಭರವಸೆಯಿಲ್ಲ. ತನ್ನದನ್ನು ಮರಳಿ ಬಯಸುವುದು ನ್ಯಾಯ. ಆ ನ್ಯಾಯದ ಬೆನ್ನಿಗೆ ಲೋಭ ಹೇಗೆ ಅಂಟಿಕೊಂಡು ಬರುತ್ತದೆಂಬುದನ್ನು ಇಲ್ಲಿ ಕಾಣಬಹುದು. ಗೆಲ್ಲುತ್ತಿರುವಾಗ ನಿಲ್ಲಬೇಕಾದ ಗೆರೆಯನ್ನು ಬಲ್ಲವನೇ ಸೋತಾಗ ಬಿಡಬೇಕಾದ ಗೆರೆಯನ್ನೂ ಬಲ್ಲನು. ಇದು ಮೂರನೆಯ ವಿವೇಕ.

೧೯೪೪ರ ಬೇಸಗೆಯಲ್ಲಿ ಎಲ್ಲವೂ ತಲೆಕೆಳಗಾಯಿತು. ಜೂನ್ ೨೦ರಂದು ವಿಪುರಿ ಮತ್ತೆ ಕೈಬಿಟ್ಟಿತು. ಸೆಪ್ಟೆಂಬರ್ ೧೯ರಂದು ಕದನವಿರಾಮದ ಒಪ್ಪಂದವಾಯಿತು. ೧೯೪೦ರ ಗಡಿ ಮತ್ತೆ ಬಂದಿತು. ಉತ್ತರದ ಪೆತ್ಸಮೊ ಪ್ರದೇಶವೂ ಹೋಯಿತು. ರಾಜಧಾನಿಯ ಸಮೀಪದ ಪೋರ್ಕಲ ನೆಲೆಯನ್ನು ಗುತ್ತಿಗೆಗೆ ಕೊಡಬೇಕಾಯಿತು. ೩೦ ಕೋಟಿ ಡಾಲರುಗಳ ಬೆಲೆಯ ಸರಕುಗಳನ್ನು ಯುದ್ಧದಂಡವಾಗಿ ತೆರಬೇಕಾಯಿತು. ಮರಳಿ ಹೋಗಿದ್ದ ಕರೇಲಿಯದವರು ಎರಡನೆಯ ಸಲ ಬಾಗಿಲು ಹಾಕಿಕೊಂಡು ಹೊರಟರು. ಎರಡನೆಯ ಸಲ ಹೋದುದು ಮರಳಿ ಬರಲಿಲ್ಲ. ೧೯೪೭ರ ಪ್ಯಾರಿಸ್ ಒಪ್ಪಂದ ಅದಕ್ಕೆ ಮುದ್ರೆಯೊತ್ತಿತು.

ಆದರೂ ಉಳಿದುದೇನೆಂಬುದನ್ನು ನೋಡಬೇಕು. ಹೆಲ್ಸಿಂಕಿಯನ್ನು ಪರಸೈನ್ಯ ಹಿಡಿಯಲಿಲ್ಲ. ಚುನಾವಣೆಗಳು ನಿಲ್ಲಲಿಲ್ಲ, ನ್ಯಾಯಾಲಯಗಳು ಮುಚ್ಚಲಿಲ್ಲ. ಯುದ್ಧದಂಡವನ್ನು ೧೯೫೨ರಲ್ಲಿ ತೀರಿಸಿದರು. ಅದೇ ವರ್ಷ ಆ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ೧೯೩೯ರಲ್ಲಿ ಸಂಧಾನವನ್ನು ಬಯಸಿದ್ದ ಪಾಸಿಕಿವಿ ೧೯೪೬ರಿಂದ ೧೯೫೬ರವರೆಗೆ ರಾಷ್ಟ್ರಾಧ್ಯಕ್ಷನಾಗಿ, ಬಲಿಷ್ಠ ನೆರೆಯವನೊಡನೆ ಬಾಳುವ ಕಠಿಣವಾದ ದಾರಿಯನ್ನು ಹಾಕಿದ. ಪೋರ್ಕಲ ನೆಲೆ ೧೯೫೬ರ ಜನವರಿಯಲ್ಲಿ ಹಿಂದಕ್ಕೆ ಬಂದಿತು. ಆ ದಾರಿಯಲ್ಲಿ ನಾಡು ಬಹುಕಾಲ ತನ್ನ ಮಾತನ್ನು ಅಳೆದು ಆಡಬೇಕಾಯಿತೆಂಬುದೂ ನಿಜ. ನೆಲದ ಜೊತೆಗೆ ಸ್ವಲ್ಪ ನಾಲಗೆಯನ್ನೂ ಕೊಟ್ಟಂತಾಯಿತು. ಬೆಲೆಯನ್ನು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಹೀಗಿರಲು ಮೊದಲಿನ ಪ್ರಶ್ನೆಗೆ ಉತ್ತರವೇನು? ಯುದ್ಧದಲ್ಲಿರುವ ನಾಡು ನೆಲವನ್ನಿತ್ತು ಶಾಂತಿಯನ್ನು ಪಡೆಯಬಹುದು; ಆದರೆ ಅದನ್ನು ಆ ನಾಡೇ ನಿರ್ಣಯಿಸಬೇಕು, ಹೊರಗಿನವರಲ್ಲ. ನೆಲವನ್ನು ಕೊಟ್ಟಾದ ಮೇಲೂ ತನ್ನ ಮನೆಗೆ ತಾನೇ ಯಜಮಾನನಾಗಿ ಉಳಿಯುವಂತಿರಬೇಕು. ಯಜಮಾನಿಕೆಯನ್ನೇ ಕೇಳುವವನಿಗೆ ಬದುವನ್ನಿತ್ತು ಪ್ರಯೋಜನವಿಲ್ಲ. ಗಡಿಯವರು ಕಳೆದುಕೊಂಡುದನ್ನು ನಾಡೆಲ್ಲ ಹಂಚಿಕೊಳ್ಳಬೇಕು. ಕಿತ್ತುಕೊಂಡುದನ್ನು ನ್ಯಾಯವೆಂದು ಹೇಳುವ ಸುಳ್ಳು ಅದರಲ್ಲಿರಬಾರದು. ಈ ನಾಲ್ಕೂ ಕೂಡಿದಲ್ಲಿ ಬಿಟ್ಟುಕೊಡುವುದು ಹೇಡಿತನವಲ್ಲ. ಇವುಗಳಲ್ಲಿ ಒಂದಿಲ್ಲದಿದ್ದರೂ ಅದನ್ನು ಶಾಂತಿಯೆನ್ನುವುದು ಕಷ್ಟ. ಇವೆಲ್ಲ ಇದ್ದರೂ ಮುಂದೆ ಶಾಂತಿ ಉಳಿಯುವುದೆಂಬ ಖಾತರಿಯನ್ನು ಯಾರೂ ಕೊಡಲಾರರು. ಹದಿನೈದು ತಿಂಗಳ ಆ ಶಾಂತಿಯೇ ಇದಕ್ಕೆ ಸಾಕ್ಷಿ. ಧರ್ಮವು ಫಲದ ಭರವಸೆಯನ್ನು ಕೊಡುವುದಿಲ್ಲ. ಮಾಡತಕ್ಕುದನ್ನು ಕಣ್ತೆರೆದು ಮಾಡುವ ಬಲವನ್ನು ಕೊಡುತ್ತದೆ.

ಯುದ್ಧ ಶಾಂತಿಗಳನ್ನು ನಿರ್ಣಯಿಸುವ ಅಧಿಕಾರ ಗೃಹಸ್ಥರಾದ ಸದ್ಭಕ್ತರ ಕೈಯಲ್ಲಿಲ್ಲ. ಆದರೆ ಅವರ ನಾಲಗೆ ಅವರ ಕೈಯಲ್ಲಿದೆ. ದೂರದ ನಾಡೊಂದು ಉರಿಯುತ್ತಿರುವಾಗ ಅದರ ನೆಲವನ್ನು ಕಟ್ಟೆಯ ಮೇಲೆ ಕುಳಿತು ದಾನ ಮಾಡುವ ಮುನ್ನ, ಅಂತೆಯೇ ಅದರ ಮಕ್ಕಳನ್ನು ಕಡೆಯವನವರೆಗೆ ಕಾದಾಡಿರೆಂದು ಹುರಿದುಂಬಿಸುವ ಮುನ್ನ, ನೆಲವನ್ನು ತೊಳೆದು ಬಾಗಿಲು ಹಾಕಿಕೊಂಡು ಹಿಮದಲ್ಲಿ ನಡೆದ ಆ ಗೃಹಿಣಿಯನ್ನು ಒಮ್ಮೆ ನೆನೆಯಬೇಕು. ಆಕೆಯ ಮುಂದೆ ನಿಂತು ಆಡಬಲ್ಲ ಮಾತಾದರೆ ಆಡಬಹುದು. ಇಲ್ಲವಾದರೆ ಮೌನವೇ ಲೇಸು. ಮನೆಯೊಳಗಿನ ಬದುವಿನ ಜಗಳಕ್ಕೂ ಇದೇ ಅಳತೆ. ಬಿಟ್ಟುಕೊಡೆಂದು ತಮ್ಮನಿಗೆ ಬುದ್ಧಿ ಹೇಳುವ ಅಣ್ಣನು, ತಮ್ಮನು ಬಿಟ್ಟ ಮೊಳಕ್ಕೆ ತನ್ನ ಹೊಲದಿಂದ ಅರ್ಧಮೊಳವನ್ನು ಸೇರಿಸಿಕೊಡಲು ಸಿದ್ಧನಿದ್ದಾನೆಯೇ ಎಂದು ಮೊದಲು ತನ್ನನ್ನು ತಾನೇ ಕೇಳಿಕೊಳ್ಳಲಿ. ಸಿದ್ಧನಾದವನ ಮಾತಿನಿಂದಲೇ ಮನೆಯಲ್ಲಿ ಶಾಂತಿ ನೆಲಸುವುದು.

ಸರ್ವರಿಗೂ ಸನ್ಮಂಗಳವಾಗಲಿ.